ಮಡಕೆ ಎಷ್ಟು ಒಡೆದವು, ಎಷ್ಟು ಉಳಿದವು?

ನಿಮ್ಮ ಮೇಜಿನ ಮೇಲೆ ಎರಡು ಚೀಟಿಗಳಿವೆ ಎಂದುಕೊಳ್ಳಿ. ಎರಡೂ ಲ್ಯಾಬಿನಿಂದ ಬಂದ ರಕ್ತಪರೀಕ್ಷೆಯ ವರದಿಗಳು. ಒಂದು ರಾಮಣ್ಣನದು, ಇನ್ನೊಂದು ಸೋಮಣ್ಣನದು. ಇಬ್ಬರೂ ನಮ್ಮ ಕಲ್ಪನೆಯ ವ್ಯಕ್ತಿಗಳು. ಆದರೆ ಇಂಥ ಚೀಟಿಗಳು ದೊಡ್ಡಾಸ್ಪತ್ರೆಯ ವೈದ್ಯರಿಗೆ ಹೊಸವಲ್ಲ. ಇಬ್ಬರಿಗೂ ಯಾವುದೋ ಔಷಧದಿಂದ ಯಕೃತ್ತಿಗೆ, ಅಂದರೆ ಲಿವರಿಗೆ, ಪೆಟ್ಟು ಬಿದ್ದಿದೆ. ರಾಮಣ್ಣನ ಚೀಟಿಯಲ್ಲಿ ‘ಎಸ್‌ಜಿಪಿಟಿ’ ಎಂಬುದರ ಎದುರಿಗೆ 6,000 ಎಂದಿದೆ. ಸೋಮಣ್ಣನದರಲ್ಲಿ ಬರೀ 320. ‘40ರವರೆಗೆ ಸಹಜ’ ಎಂದು ಪಕ್ಕದಲ್ಲೇ ಮುದ್ರಿಸಿದ್ದಾರೆ.

ಯಾರ ಸ್ಥಿತಿ ಹೆಚ್ಚು ಗಂಭೀರ?

ಲೆಕ್ಕ ಬಲ್ಲ ಯಾವ ವಿದ್ಯಾರ್ಥಿಯಾದರೂ ರಾಮಣ್ಣನತ್ತ ಬೆರಳು ತೋರಿಸುತ್ತಾನೆ. ಸಹಜಮಟ್ಟಕ್ಕಿಂತ 150 ಪಟ್ಟು ಎಂದರೆ ಸಾಮಾನ್ಯವೆ? ಸೋಮಣ್ಣನದು ಬರೀ 8 ಪಟ್ಟು. ಆದರೆ ಚೀಟಿಯನ್ನು ಇನ್ನೂ ಕೆಳಗೆ ಓದಿ. ‘ಬಿಲಿರುಬಿನ್’ ಎಂಬ ಸಾಲಿನಲ್ಲಿ ರಾಮಣ್ಣನಿಗೆ 1.2, ಸೋಮಣ್ಣನಿಗೆ 9. ‘ಐಎನ್‌ಆರ್’ ಎಂಬ ಸಾಲಿನಲ್ಲಿ ರಾಮಣ್ಣನಿಗೆ 1.1, ಸೋಮಣ್ಣನಿಗೆ 2.2. ಇಷ್ಟನ್ನು ನೋಡಿದ ತಜ್ಞ ವೈದ್ಯರು ರಾಮಣ್ಣನನ್ನೂ ಮನೆಗೆ ಕಳಿಸುವುದಿಲ್ಲ ನಿಜ. ಆದರೆ ಮೊದಲು ಓಡುವುದು ಸೋಮಣ್ಣನ ಹಾಸಿಗೆಯ ಕಡೆಗೆ.

ಏಕೆ ಹೀಗೆ? ಯಕೃತ್ತಿಗೆ ಆದ ಗಾಯವನ್ನು ಅಳೆಯುವುದು ಹೇಗೆ? ಒಂದು ಔಷಧ ಇನ್ನೊಂದಕ್ಕಿಂತ ಹೆಚ್ಚು ಅಪಾಯಕಾರಿ ಎಂದು ತೂಗಿ ಹೇಳುವುದು ಹೇಗೆ? ಜ್ವರ ಬಂದ ಮಗುವಿಗೆ ಚಮಚದಲ್ಲಿ ಔಷಧ ಸುರಿಯುವ ಪ್ರತಿ ಮನೆಗೂ ಸಂಬಂಧಪಟ್ಟ ಪ್ರಶ್ನೆಗಳಿವು.

ಮೊದಲು ಈ ಅಂಗದ ಪರಿಚಯ ಮಾಡಿಕೊಳ್ಳೋಣ. ವಯಸ್ಕರಲ್ಲಿ ಸುಮಾರು ಒಂದೂವರೆ ಕಿಲೋ ತೂಗುವ ಯಕೃತ್ತು ಬಲಗಡೆಯ ಪಕ್ಕೆಲುಬುಗಳ ಮರೆಯಲ್ಲಿ ಕೂತಿದೆ. ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಇದರೊಳಗೆ ಹರಿಯುತ್ತದೆ. ಅದರಲ್ಲಿ ಮುಕ್ಕಾಲು ಪಾಲು ನೇರವಾಗಿ ಕರುಳಿನಿಂದಲೇ ಬರುವಂಥದ್ದು. ನಾವು ನುಂಗಿದ ಅನ್ನವಿರಲಿ, ಗುಳಿಗೆಯಿರಲಿ, ಬೂಷ್ಟು ಹಿಡಿದ ಶೇಂಗಾದಲ್ಲಿರುವ ವಿಷವಿರಲಿ, ಕರುಳಿನಿಂದ ರಕ್ತಕ್ಕೆ ಸೇರಿದ ಹೆಚ್ಚಿನದೆಲ್ಲ ಮೊದಲು ಈ ಸುಂಕದ ಕಟ್ಟೆಯನ್ನು ದಾಟಿಯೇ ಮುಂದಕ್ಕೆ ಹೋಗಬೇಕು. ರಾಸಾಯನಿಕಗಳನ್ನು ಒಡೆದು, ಬದಲಿಸಿ, ನೀರಲ್ಲಿ ಕರಗುವಂತೆ ಮಾಡಿ ಹೊರಕ್ಕೆ ಕಳಿಸುವುದು ಅದರ ಕೆಲಸ. ಆ ಕೆಲಸ ಮಾಡುವಾಗಲೇ ಅದಕ್ಕೆ ಪೆಟ್ಟು ಬೀಳುವುದು. ಊರು ಕಾಯುವವನಿಗೇ ಮೊದಲ ಏಟು.

ಈಗ ಆ ಎಸ್‌ಜಿಪಿಟಿಯ ಕತೆ. ಇದಕ್ಕೆ ಈಚಿನ ಹೆಸರು ‘ಎಎಲ್‌ಟಿ’. ಇದೊಂದು ಕಿಣ್ವ. ಇದು ಇರಬೇಕಾದ ಜಾಗ ಯಕೃತ್ತಿನ ಜೀವಕೋಶದ ಒಳಗೆ. ಕೋಶ ಒಡೆದಾಗ ಅದು ರಕ್ತಕ್ಕೆ ಚೆಲ್ಲುತ್ತದೆ. 1954ರಲ್ಲಿ ನ್ಯೂಯಾರ್ಕಿನ ಲಾಡ್ಯೂ, ವ್ರೂಬ್ಲೆವ್‌ಸ್ಕಿ ಮತ್ತು ಕಾರ್ಮೆನ್ ಎಂಬ ಮೂವರು ವೈದ್ಯರು ಹೃದಯಾಘಾತವಾದವರ ರಕ್ತದಲ್ಲಿ ಇದರ ಸೋದರ ಕಿಣ್ವವೊಂದು ಏರುವುದನ್ನು ಕಂಡರು. ಸ್ವಲ್ಪ ಸಮಯದಲ್ಲೇ ಯಕೃತ್ತಿನ ಕಾಯಿಲೆಗೂ ಇದೇ ವಿಧಾನ ಒದಗಿಬಂತು. ಪರೀಕ್ಷಿಸುವ ರೀತಿಯೂ ಸೊಗಸಾಗಿದೆ. ಕಿಣ್ವವನ್ನು ಯಾರೂ ತಕ್ಕಡಿಯಲ್ಲಿ ತೂಗುವುದಿಲ್ಲ. ಅದಕ್ಕೆ ಕೆಲಸ ಕೊಟ್ಟು, ಒಂದು ನಿಮಿಷದಲ್ಲಿ ಎಷ್ಟು ಮುಗಿಸುತ್ತದೆ ಎಂದು ನೋಡುತ್ತಾರೆ. ನಿಮಿಷಕ್ಕೆ ಒಂದು ಮೈಕ್ರೋಮೋಲ್‌ನಷ್ಟು ವಸ್ತುವನ್ನು ಪರಿವರ್ತಿಸಿದರೆ ಅದು ಒಂದು ಯೂನಿಟ್. ಕೆಲಸ ನಡೆದಂತೆಲ್ಲ ದ್ರಾವಣವು ಹೀರಿಕೊಳ್ಳುವ ನೇರಳಾತೀತ ಬೆಳಕು ಕಡಿಮೆಯಾಗುತ್ತ ಹೋಗುತ್ತದೆ. ಆ ಇಳಿಕೆಯ ವೇಗವನ್ನು ಯಂತ್ರ ದಾಖಲಿಸುತ್ತದೆ.

ಹಾಗಿದ್ದರೆ ಈ ಸಂಖ್ಯೆ ಹೇಳುವುದೇನನ್ನು? ಒಂದು ಕುಂಬಾರರ ಅಂಗಳವನ್ನು ಕಣ್ಣಮುಂದೆ ತಂದುಕೊಳ್ಳಿ. ಸಾಲಾಗಿ ಸಾವಿರ ಮಡಕೆಗಳು, ಪ್ರತಿಯೊಂದರಲ್ಲೂ ನೀರು. ಯಾರೋ ದೊಣ್ಣೆ ಹಿಡಿದು ನುಗ್ಗಿದ್ದಾರೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನೀವು ಬೇಲಿಯ ಆಚೆ ನಿಂತಿದ್ದೀರಿ. ನಿಮಗೆ ಕಾಣುವುದು ಮೋರಿಯಲ್ಲಿ ಹರಿದುಬರುವ ನೀರು ಮಾತ್ರ. ನೀರು ಹೆಚ್ಚಿದ್ದರೆ ಈಗಷ್ಟೇ ಬಹಳ ಮಡಕೆಗಳು ಒಡೆದಿವೆ ಎನ್ನಬಹುದು. ಆದರೆ ಒಳಗೆ ಎಷ್ಟು ಮಡಕೆಗಳು ನೆಟ್ಟಗೆ ಉಳಿದಿವೆ? ಮೋರಿಯ ನೀರು ಅದನ್ನು ಹೇಳುವುದಿಲ್ಲ.

ಎಸ್‌ಜಿಪಿಟಿ ಎಂದರೆ ಈ ಮೋರಿಯ ನೀರು. ಪೆಟ್ಟು ನಿಂತ ಮೇಲೆ ಅದು ಹೆಚ್ಚುಕಡಿಮೆ ಎರಡು ದಿನಕ್ಕೊಮ್ಮೆ ಅರ್ಧವಾಗುತ್ತ ಇಳಿಯುತ್ತದೆ. 6,000 ಇದ್ದದ್ದು 3,000, ಆಮೇಲೆ 1,500. ಇಳಿದರೆ ಸಂತೋಷವೇ ತಾನೆ? ಯಾವಾಗಲೂ ಅಲ್ಲ. ಒಡೆಯಲು ಮಡಕೆಗಳೇ ಉಳಿಯದಿದ್ದರೂ ಮೋರಿಯ ನೀರು ಕಡಿಮೆಯಾಗುತ್ತದೆ! ನಮ್ಮ ಸೋಮಣ್ಣನ ಎಸ್‌ಜಿಪಿಟಿ ಮೂರು ದಿನದಲ್ಲಿ 320ರಿಂದ 90ಕ್ಕೆ ಇಳಿಯಿತು ಎನ್ನಿ. ಮನೆಯವರು ದೇವರಿಗೆ ಕಾಯಿ ಒಡೆಸುತ್ತಾರೆ. ಅದೇ ಹೊತ್ತಿಗೆ ಐಎನ್‌ಆರ್ 2.2ರಿಂದ 4ಕ್ಕೆ ಏರಿದ್ದರೆ ವೈದ್ಯರು ಯಕೃತ್ತಿನ ಕಸಿ ಮಾಡುವ ಆಸ್ಪತ್ರೆಗೆ ಫೋನ್ ಹಚ್ಚುತ್ತಿರುತ್ತಾರೆ.

ಒಡೆದದ್ದರ ಲೆಕ್ಕ ಬೇರೆ, ಉಳಿದದ್ದರ ಲೆಕ್ಕ ಬೇರೆ. ಉಳಿದದ್ದನ್ನು ತಿಳಿಯಬೇಕಾದರೆ ಯಕೃತ್ತು ಮಾಡಬೇಕಾದ ಕೆಲಸವನ್ನು ಮಾಡುತ್ತಿದೆಯೇ ಎಂದು ನೋಡಬೇಕು. ಕೆಂಪು ರಕ್ತಕಣಗಳು ಸುಮಾರು 120 ದಿನ ಬದುಕಿ ಸಾಯುತ್ತವೆ. ಅವುಗಳ ಅವಶೇಷದಿಂದ ಹುಟ್ಟುವ ಹಳದಿ ಕಸವೇ ಬಿಲಿರುಬಿನ್. ಅದನ್ನು ಪಿತ್ತರಸದ ಜೊತೆ ಹೊರಹಾಕುವುದು ಯಕೃತ್ತಿನ ಕೆಲಸ. ಕಸ ಎತ್ತುವವರು ರಜೆ ಹಾಕಿದರೆ ಬೀದಿ ಏನಾಗುತ್ತದೆ? ಹಾಗೆಯೇ ರಕ್ತದಲ್ಲಿ ಬಿಲಿರುಬಿನ್ ರಾಶಿ ಬೀಳುತ್ತದೆ. ಒಂದು ಡೆಸಿಲೀಟರಿಗೆ ಸುಮಾರು 1 ಮಿಲಿಗ್ರಾಂ ಇರಬೇಕಾದದ್ದು 3ರ ಆಸುಪಾಸಿಗೆ ಬಂದರೆ ಕಣ್ಣಿನ ಬಿಳಿಭಾಗ ಹಳದಿಯಾಗುತ್ತದೆ. ಅದನ್ನೇ ನಾವು ಕಾಮಾಲೆ ಎನ್ನುವುದು.

ಇನ್ನು ಐಎನ್‌ಆರ್. ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಬೇಕಾದ ಹಲವು ಪ್ರೋಟೀನುಗಳನ್ನು ತಯಾರಿಸುವ ಕಾರ್ಖಾನೆಯೂ ಯಕೃತ್ತೇ. ಅವುಗಳಲ್ಲಿ ‘ಏಳನೇ ಅಂಶ’ ಎಂಬ ಪ್ರೋಟೀನಿನ ಅರ್ಧಾಯುಷ್ಯ ಕೆಲವೇ ಗಂಟೆಗಳು. ಕಾರ್ಖಾನೆ ಇವತ್ತು ನಿಂತರೆ ನಾಳೆಗೇ ಕೊರತೆ ಕಾಣುತ್ತದೆ, ರಕ್ತ ಹೆಪ್ಪುಗಟ್ಟುವುದು ತಡವಾಗುತ್ತದೆ. ಆ ವಿಳಂಬದ ಅಳತೆಯೇ ಐಎನ್‌ಆರ್. ಸಹಜ ಸ್ಥಿತಿಯಲ್ಲಿ ಅದು 1ರ ಹತ್ತಿರ. ಆಲ್ಬುಮಿನ್ ಎಂಬ ಇನ್ನೊಂದು ಪ್ರೋಟೀನೂ ಯಕೃತ್ತಿನ ಉತ್ಪಾದನೆಯೇ. ಆದರೆ ಅದರ ಅರ್ಧಾಯುಷ್ಯ ಸುಮಾರು 20 ದಿನ. ಹಾಗಾಗಿ ವರ್ಷಗಟ್ಟಲೆ ಕುಡಿದು ಹಾಳಾದ ಯಕೃತ್ತನ್ನು ಆಲ್ಬುಮಿನ್ ತೋರಿಸಿಕೊಡುತ್ತದೆ, ಮೊನ್ನೆ ಬಿದ್ದ ಪೆಟ್ಟನ್ನು ತೋರಿಸಲಾರದು. ಯಾವ ಗಾಯಕ್ಕೆ ಯಾವ ಗಡಿಯಾರ ಎಂಬುದನ್ನು ತಿಳಿದೇ ಅಳೆಯಬೇಕು.

ಇಲ್ಲೊಂದು ಸಣ್ಣ ತೊಡಕಿದೆ. ಒಂದು ಲ್ಯಾಬಿನಲ್ಲಿ ಎಸ್‌ಜಿಪಿಟಿಯ ಮೇಲ್ಮಿತಿ 40, ಇನ್ನೊಂದರಲ್ಲಿ 55. ಹೀಗಿರುವಾಗ ಊರೂರಿನ ಚೀಟಿಗಳನ್ನು ಹೋಲಿಸುವುದೆಂತು? ಅದಕ್ಕೇ ತಜ್ಞರು ಬಿಡಿ ಸಂಖ್ಯೆಯನ್ನು ನೆಚ್ಚುವುದಿಲ್ಲ. ‘ಆ ಲ್ಯಾಬಿನ ಮೇಲ್ಮಿತಿಯ ಎಷ್ಟು ಪಟ್ಟು’ ಎಂದು ಕೇಳುತ್ತಾರೆ. ಎಸ್‌ಜಿಪಿಟಿ ಎಷ್ಟು ಪಟ್ಟು ಏರಿದೆಯೋ ಅದನ್ನು, ಪಿತ್ತನಾಳದ ತೊಂದರೆಯಲ್ಲಿ ಏರುವ ‘ಆಲ್ಕಲೈನ್ ಫಾಸ್ಫಟೇಸ್’ ಎಷ್ಟು ಪಟ್ಟು ಏರಿದೆಯೋ ಅದರಿಂದ ಭಾಗಿಸುತ್ತಾರೆ. ಉತ್ತರ 5 ಅಥವಾ ಹೆಚ್ಚು ಬಂದರೆ ಜೀವಕೋಶಕ್ಕೇ ಪೆಟ್ಟು. 2 ಅಥವಾ ಕಡಿಮೆ ಬಂದರೆ ಪಿತ್ತದ ಹರಿವಿಗೆ ಅಡ್ಡಿ. ನಡುವೆ ಬಂದರೆ ಎರಡರ ಮಿಶ್ರಣ. ಏಳನೇ ತರಗತಿಯ ಭಾಗಾಕಾರ ಇಲ್ಲಿ ರೋಗನಿದಾನಕ್ಕೆ ಒದಗಿದೆ.

ಗಾಯವನ್ನು ಅಳೆದದ್ದಾಯಿತು. ಇನ್ನು ಗಾಯ ಮಾಡುವವರನ್ನು ಹೋಲಿಸೋಣ. ರಾಸಾಯನಿಕಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಮೊದಲನೆಯದು ಲೆಕ್ಕಕ್ಕೆ ಸಿಗುವಂಥದ್ದು, ಎರಡನೆಯದು ಲೆಕ್ಕ ತಪ್ಪಿಸುವಂಥದ್ದು.

ಲೆಕ್ಕಕ್ಕೆ ಸಿಗುವುದಕ್ಕೆ ಒಳ್ಳೆಯ ಉದಾಹರಣೆ ನಮ್ಮ ನಿಮ್ಮೆಲ್ಲರ ಮನೆಯಲ್ಲಿರುವ ಪ್ಯಾರಾಸಿಟಮಾಲ್. ಕ್ರೋಸಿನ್, ಕಾಲ್ಪಾಲ್, ಡೋಲೋ ಎಂದು ಹೆಸರು ಬೇರೆ ಬೇರೆ, ಜ್ವರ ಇಳಿಸುವ ವಸ್ತು ಒಂದೇ. ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡರೆ ಇದರಷ್ಟು ಸಾಧು ಔಷಧ ಕಡಿಮೆ. ನುಂಗಿದ್ದರಲ್ಲಿ ಹೆಚ್ಚಿನ ಪಾಲನ್ನು ಯಕೃತ್ತು ಸಕ್ಕರೆಯಂಥ ಅಣುವಿಗೋ ಸಲ್ಫೇಟಿಗೋ ಜೋಡಿಸಿ ಮೂತ್ರಕ್ಕೆ ಕಳಿಸಿಬಿಡುತ್ತದೆ. ನೂರರಲ್ಲಿ ಐದರಿಂದ ಹತ್ತು ಪಾಲಿನಷ್ಟು ಮಾತ್ರ ಒಂದು ಪುಂಡ ಅಣುವಾಗಿ ಬದಲಾಗುತ್ತದೆ. ಅದನ್ನು ಹಿಡಿದು ಕಟ್ಟಿಹಾಕಲು ಕೋಶದೊಳಗೆ ‘ಗ್ಲುಟಥಯಾನ್’ ಎಂಬ ಕಾವಲುಗಾರನಿದ್ದಾನೆ. ಗುಳಿಗೆಗಳ ಸಂಖ್ಯೆ ಮಿತಿಮೀರಿದಾಗ ಪುಂಡರ ಸಂಖ್ಯೆ ಹೆಚ್ಚುತ್ತದೆ, ಕಾವಲುಗಾರರು ಮುಗಿದುಹೋಗುತ್ತಾರೆ. ಆಮೇಲೆ ಪುಂಡರು ಕೋಶದ ಪ್ರೋಟೀನುಗಳಿಗೇ ಕೈಹಾಕುತ್ತಾರೆ. 1966ರಲ್ಲಿ ಎಡಿನ್‌ಬರೋದ ವೈದ್ಯರು ಇಂಥ ಸಾವುಗಳನ್ನು ಮೊದಲಬಾರಿ ವರದಿ ಮಾಡಿದರು. 1973ರ ಹೊತ್ತಿಗೆ ಅಮೆರಿಕದ ವಿಜ್ಞಾನಿಗಳು ಇಲಿಗಳಲ್ಲಿ ಪ್ರಯೋಗ ನಡೆಸಿ ಈ ಕಾವಲುಗಾರನ ಕತೆಯನ್ನು ಬಿಡಿಸಿದ್ದರು.

ಲೆಕ್ಕಕ್ಕೆ ಸಿಗುವುದರಿಂದ ಇದಕ್ಕೆ ಮದ್ದೂ ಸಿಕ್ಕಿದೆ. ‘ಅಸಿಟೈಲ್‌ಸಿಸ್ಟೀನ್’ ಎಂಬ ಔಷಧ ಕಾವಲುಗಾರರ ಪಡೆಯನ್ನು ಮತ್ತೆ ತುಂಬಿಕೊಡುತ್ತದೆ. 1975ರಲ್ಲಿ ರುಮ್ಯಾಕ್ ಮತ್ತು ಮ್ಯಾಥ್ಯೂ ಎಂಬಿಬ್ಬರು ಒಂದು ನಕ್ಷೆಯನ್ನು ಪ್ರಕಟಿಸಿದರು. ಗುಳಿಗೆ ನುಂಗಿ ಎಷ್ಟು ಗಂಟೆಯಾಯಿತು, ರಕ್ತದಲ್ಲಿ ಈಗೆಷ್ಟಿದೆ ಎಂಬೆರಡನ್ನು ಗುರುತಿಸಿದರೆ ಯಕೃತ್ತಿಗೆ ಅಪಾಯವಿದೆಯೇ ಇಲ್ಲವೇ ಎಂದು ಅದು ಮುಂಚಿತವಾಗಿಯೇ ಹೇಳುತ್ತದೆ. ನುಂಗಿದ 8 ಗಂಟೆಯೊಳಗೆ ಮದ್ದು ಕೊಟ್ಟರೆ ಯಕೃತ್ತು ಬಹುಪಾಲು ಸುರಕ್ಷಿತ.

ಪೋಷಕರು ಇಲ್ಲಿ ಕಿವಿಗೊಟ್ಟು ಕೇಳಬೇಕಾದ ಮಾತೊಂದಿದೆ. ಪ್ಯಾರಾಸಿಟಮಾಲ್ ಅತಿಯಾದವರು ಮೊದಲ ದಿನ ಆರಾಮವಾಗಿಯೇ ಕಾಣಬಹುದು. ಸ್ವಲ್ಪ ವಾಕರಿಕೆ, ಅಷ್ಟೆ. ಎಸ್‌ಜಿಪಿಟಿ ಏರುವುದು ಸಾಮಾನ್ಯವಾಗಿ ಎರಡನೆಯ ದಿನ, ಶಿಖರ ಮುಟ್ಟುವುದು ಮೂರನೆಯ ದಿನದ ಸುಮಾರಿಗೆ. ಕಾಮಾಲೆ ಬರಲೆಂದು ಕಾದರೆ ಮದ್ದಿನ ವೇಳೆ ಮೀರಿರುತ್ತದೆ. ಅರಿಯದೆಯೋ, ಬೇಸರದ ಗಳಿಗೆಯಲ್ಲಿ ಅರಿತೋ, ಯಾರಾದರೂ ಹೆಚ್ಚು ಗುಳಿಗೆ ನುಂಗಿದ್ದಾರೆ ಎಂದು ತಿಳಿದ ಕೂಡಲೇ ಬೈಯುತ್ತ ಕೂರಬೇಡಿ, ‘ಚೆನ್ನಾಗಿಯೇ ಇದ್ದಾನಲ್ಲ’ ಎಂದು ಸುಮ್ಮನಾಗಬೇಡಿ. ಗುಳಿಗೆಯ ಖಾಲಿ ಪಟ್ಟಿಯನ್ನು ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಓಡಿ.

ಈಗ ಎರಡನೆಯ ಜಾತಿಗೆ ಬರೋಣ. ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್ ಎಂಬ ಗುಳಿಗೆ ಇದೆ. 1952ರಿಂದ ಬಳಕೆಯಲ್ಲಿದೆ, ಅಸಂಖ್ಯ ಜೀವ ಉಳಿಸಿದೆ. 1970ರಲ್ಲಿ ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಸರ್ಕಾರಿ ನೌಕರರ ನಡುವೆ ಕ್ಷಯ ಕಾಣಿಸಿತು. ಮುನ್ನೆಚ್ಚರಿಕೆಯೆಂದು 2,321 ಜನರಿಗೆ ಐಸೋನಿಯಾಜಿಡ್ ಕೊಟ್ಟರು. ಅವರಲ್ಲಿ 19 ಮಂದಿಗೆ ಯಕೃತ್ತು ಊದಿತು, ಇಬ್ಬರು ತೀರಿಕೊಂಡರು. ಅಂದರೆ ಸಾವಿರಕ್ಕೆ ಎಂಟು ಜನರಿಗೆ ಪೆಟ್ಟು. ಉಳಿದ 2,302 ಮಂದಿಗೆ ಅಂಥದ್ದೇನೂ ಆಗಲಿಲ್ಲ. ಅದೇ ಔಷಧ, ಅದೇ ಉದ್ದೇಶ. ಅವರವರ ದೇಹದ ಗುಣವೇ ಇಲ್ಲಿ ನಿರ್ಣಾಯಕ. ಇಂಥ ಪೆಟ್ಟನ್ನು ಪ್ರಮಾಣವೊಂದನ್ನೇ ನೋಡಿ ಊಹಿಸಲಾಗದು, ಪ್ರಯೋಗಾಲಯದ ಇಲಿಗಳೂ ಇದನ್ನು ಹೇಳಿಕೊಡುವುದಿಲ್ಲ.

ಹಾಗಿರುವಾಗ ಇಂಥ ಔಷಧಗಳನ್ನು ಹೋಲಿಸುವುದಕ್ಕೆ ಯಾವ ತಕ್ಕಡಿ? ‘ಯಾವುದು ಹೆಚ್ಚು ಜನರಲ್ಲಿ ಎಸ್‌ಜಿಪಿಟಿ ಏರಿಸುತ್ತದೋ ಅದೇ ಹೆಚ್ಚು ಕೆಟ್ಟದ್ದು’ ಎನ್ನೋಣವೆ? ಅಲ್ಲಿಯೇ ನಾವು ಮತ್ತೆ ಮೋರಿಯ ನೀರಿಗೆ ಮೋಸಹೋಗುತ್ತೇವೆ.

ಮರೆವಿನ ಕಾಯಿಲೆಗೆಂದು 1993ರಲ್ಲಿ ಅಮೆರಿಕದಲ್ಲಿ ಟ್ಯಾಕ್ರಿನ್ ಎಂಬ ಔಷಧಕ್ಕೆ ಒಪ್ಪಿಗೆ ಸಿಕ್ಕಿತ್ತು. ಅದನ್ನು ತೆಗೆದುಕೊಂಡವರಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಎಸ್‌ಜಿಪಿಟಿ ಮೇಲ್ಮಿತಿಯ ಮೂರು ಪಟ್ಟನ್ನು ಮೀರುತ್ತಿತ್ತು. ಆದರೂ ಕಾಮಾಲೆಯವರೆಗೆ ಹೋದವರು ಬಲು ವಿರಳ. ಸಕ್ಕರೆ ಕಾಯಿಲೆಗೆಂದು 1997ರಲ್ಲಿ ಟ್ರಾಗ್ಲಿಟಜೋನ್ ಬಂತು. ಮಾರುಕಟ್ಟೆಗೆ ಬರುವ ಮುನ್ನ 2,510 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ ಶೇ. 1.9 ಜನರಿಗೆ ಮಾತ್ರ ಎಸ್‌ಜಿಪಿಟಿ ಆ ಮೂರು ಪಟ್ಟಿನ ಗೆರೆ ದಾಟಿತ್ತು. ಔಷಧವಿಲ್ಲದ ಸುಳ್ಳು ಗುಳಿಗೆ ನುಂಗಿದವರಲ್ಲೂ ಶೇ. 0.6 ಜನ ದಾಟಿದ್ದರು. ಟ್ಯಾಕ್ರಿನ್ನಿನ ಶೇ. 25ರ ಮುಂದೆ ಇದು ಯಾವ ಲೆಕ್ಕ? ಆದರೆ ಮಾರುಕಟ್ಟೆಗೆ ಬಂದ ಮೇಲೆ ಯಕೃತ್ತು ಕೈಕೊಟ್ಟು ಸತ್ತವರ ವರದಿಗಳು ಒಂದರ ಹಿಂದೊಂದು ಬಂದವು. 2000ದ ಮಾರ್ಚಿಯಲ್ಲಿ ಟ್ರಾಗ್ಲಿಟಜೋನನ್ನು ಅಮೆರಿಕದ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು.

ಮೊದಲೇ ಸುಳಿವು ಇರಲಿಲ್ಲವೆ? ಇತ್ತು. ಆ 2,510 ಮಂದಿಯಲ್ಲಿ ಇಬ್ಬರಿಗೆ ಕಾಮಾಲೆಯೂ ಆಗಿತ್ತು. ಔಷಧ ನಿಲ್ಲಿಸಿದ ಮೇಲೆ ಅವರಿಬ್ಬರೂ ಚೇತರಿಸಿಕೊಂಡರು. ಬರೀ ಇಬ್ಬರು! ಆದರೆ ಹೈಮನ್ ಝಿಮರ್‌ಮನ್ ಎಂಬ ಅಮೆರಿಕದ ವೈದ್ಯರು ಅದಕ್ಕೆ ಎಷ್ಟೋ ಮೊದಲೇ ಒಂದು ಮಾತು ಹೇಳಿದ್ದರು. ಔಷಧಗಳಿಂದ ಯಕೃತ್ತಿಗಾಗುವ ಗಾಯವನ್ನೇ ಜೀವಮಾನವಿಡೀ ಅಧ್ಯಯನ ಮಾಡಿದವರು ಅವರು. ಔಷಧದಿಂದ ಯಕೃತ್ತಿನ ಕೋಶಗಳು ಸತ್ತು, ಜೊತೆಗೆ ಕಾಮಾಲೆಯೂ ಬಂದರೆ ಅಂಥವರಲ್ಲಿ ಹತ್ತಕ್ಕೆ ಒಬ್ಬರಾದರೂ ಉಳಿಯುವುದಿಲ್ಲ ಎಂಬುದು ಅವರ ಅನುಭವದ ಮಾತು. ಅವರ ಹೆಸರಿನ ಮೊದಲ ತುಣುಕನ್ನೇ ಹಿಡಿದು ವೈದ್ಯರು ಇದನ್ನು ‘ಹೈ ನಿಯಮ’ ಎನ್ನುತ್ತಾರೆ. ಎಸ್‌ಜಿಪಿಟಿ ಮೇಲ್ಮಿತಿಯ ಮೂರು ಪಟ್ಟು ಮೀರಿ, ಬಿಲಿರುಬಿನ್ ಎರಡು ಪಟ್ಟು ಮೀರಿ, ಬೇರಾವ ಕಾರಣವೂ ಕಾಣದಿದ್ದರೆ ಅಪಾಯದ ಗಂಟೆ ಬಾರಿಸಿತೆಂದು ತಿಳಿಯಬೇಕು. 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹೊಸ ಔಷಧಗಳ ಪರೀಕ್ಷೆಗೆ ಇದನ್ನೇ ಮಾರ್ಗಸೂಚಿಯಾಗಿ ಕೊಟ್ಟಿತು.

ವಿದ್ಯಾರ್ಥಿಗಳು ಪೆನ್ಸಿಲ್ ಕೈಗೆತ್ತಿಕೊಳ್ಳಿ. 2,510ಕ್ಕೆ ಇಬ್ಬರು ಎಂದರೆ 1,255ಕ್ಕೆ ಒಬ್ಬರಿಗೆ ಕಾಮಾಲೆ. ಅವರಲ್ಲಿ ಹತ್ತಕ್ಕೆ ಒಬ್ಬರು ಎಂದರೆ ಸುಮಾರು 12,500 ಜನರಿಗೆ ಒಂದು ಸಾವು. ಔಷಧವನ್ನು ನುಂಗಿದವರು ಲಕ್ಷಾಂತರ. ಪರೀಕ್ಷೆಯಲ್ಲಿ ಒಬ್ಬರೂ ಸಾಯದಿದ್ದದ್ದು ಔಷಧದ ಒಳ್ಳೆಯತನದಿಂದಲ್ಲ, ಪರೀಕ್ಷೆಗೆ ಒಳಗಾದವರ ಸಂಖ್ಯೆ ಚಿಕ್ಕದಾಗಿದ್ದರಿಂದ. ಹತ್ತು ಸಾವಿರಕ್ಕೆ ಒಂದರಂತೆ ನಡೆಯುವ ಅನಾಹುತ ಒಮ್ಮೆಯಾದರೂ ಕಣ್ಣಿಗೆ ಬೀಳಲು, ಅದೂ ನೂರಕ್ಕೆ 95ರಷ್ಟು ಭರವಸೆಯಿಂದ, ಮೂವತ್ತು ಸಾವಿರ ಜನರನ್ನು ಪರೀಕ್ಷಿಸಬೇಕು. ಇದಕ್ಕೆ ‘ಮೂರರ ನಿಯಮ’ ಎಂಬ ಹೆಸರೂ ಇದೆ. ಅದೇ ಕುಟುಂಬದ ಪಿಯೋಗ್ಲಿಟಜೋನ್ ಎಂಬ ಔಷಧದ ಪರೀಕ್ಷೆಗಳಲ್ಲಿ ಎಸ್‌ಜಿಪಿಟಿ ಮೂರು ಪಟ್ಟು ದಾಟಿದವರು ಶೇ. 0.26, ಸುಳ್ಳು ಗುಳಿಗೆಯವರಲ್ಲಿ ಶೇ. 0.25. ಅಂದರೆ ಯಕೃತ್ತಿನ ಮಟ್ಟಿಗೆ ವ್ಯತ್ಯಾಸವೇ ಇಲ್ಲ. ಅಣ್ಣತಮ್ಮಂದಿರೆಂದ ಮಾತ್ರಕ್ಕೆ ಗುಣ ಒಂದೇ ಆಗಬೇಕಿಲ್ಲ.

ಹೋಲಿಕೆಗೆ ಇನ್ನೂ ಒಂದು ಮೆಟ್ಟಿಲು ಬಾಕಿ ಇದೆ. ಕಾಮಾಲೆ ಬಂದವನು ನಾಲ್ಕು ಬಗೆಯ ಔಷಧ ನುಂಗಿದ್ದಾನೆ ಎನ್ನಿ. ತಪ್ಪು ಯಾವುದರದು? ಔಷಧದ್ದೇ ತಪ್ಪೋ, ಕುಡಿಯುವ ನೀರಿನಿಂದ ಬಂದ ವೈರಸ್ಸಿನದೋ? ಇದಕ್ಕೆಂದು ತಜ್ಞರು 1993ರಲ್ಲಿ ‘ರುಕಾಮ್’ ಎಂಬ ಅಂಕಪಟ್ಟಿಯೊಂದನ್ನು ಪ್ರಕಟಿಸಿದರು. ಔಷಧ ಶುರುಮಾಡಿ ಎಷ್ಟು ದಿನಕ್ಕೆ ಪೆಟ್ಟು ಕಾಣಿಸಿತು, ನಿಲ್ಲಿಸಿದ ಮೇಲೆ ಎಷ್ಟು ಬೇಗ ಇಳಿಯಿತು, ವೈರಸ್ ಮುಂತಾದ ಬೇರೆ ಕಾರಣಗಳನ್ನು ಪರೀಕ್ಷಿಸಿ ಬಿಟ್ಟಿದ್ದಾರೆಯೇ ಎಂದು ಒಂದೊಂದಕ್ಕೂ ಅಂಕ. ಒಟ್ಟು 8ಕ್ಕಿಂತ ಹೆಚ್ಚು ಬಂದರೆ ಆ ಔಷಧವೇ ಕಾರಣವೆಂಬುದು ಬಹುತೇಕ ಖಚಿತ. ಸೊನ್ನೆ ಅಥವಾ ಕಡಿಮೆ ಬಂದರೆ ಅದು ನಿರಪರಾಧಿ. ನ್ಯಾಯಾಲಯದಂತೆಯೇ ಇಲ್ಲೂ ಸಂಶಯವೊಂದೇ ಸಾಲದು, ಸಾಕ್ಷ್ಯ ಬೇಕು.

ನಮ್ಮ ನಾಡಿನ ಚಿತ್ರ ಹೇಗಿದೆ? ಪಶ್ಚಿಮದ ದೇಶಗಳಲ್ಲಿ ಯಕೃತ್ತು ಹಠಾತ್ತಾಗಿ ಕೈಕೊಡುವುದಕ್ಕೆ ಪ್ಯಾರಾಸಿಟಮಾಲ್ ಮುಂಚೂಣಿಯ ಕಾರಣ. ನಮ್ಮಲ್ಲಿ ಹಾಗಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಡಾ. ಹರ್ಷದ್ ದೇವರಭಾವಿ ಮತ್ತು ಸಂಗಡಿಗರು 1997ರಿಂದ 2008ರವರೆಗೆ ಔಷಧದಿಂದ ಯಕೃತ್ತು ಕೆಟ್ಟ 313 ರೋಗಿಗಳ ವಿವರಗಳನ್ನು ಕಲೆಹಾಕಿ 2010ರಲ್ಲಿ ಪ್ರಕಟಿಸಿದರು. ಅವರಲ್ಲಿ ಶೇ. 58 ಜನರಿಗೆ ಪೆಟ್ಟು ಬಿದ್ದದ್ದು ಕ್ಷಯದ ಔಷಧಗಳಿಂದ. ಒಟ್ಟಾರೆ ಶೇ. 17ರಷ್ಟು ಮಂದಿ ಬದುಕುಳಿಯಲಿಲ್ಲ. 2021ರಲ್ಲಿ ದೇಶದ ಹಲವು ಆಸ್ಪತ್ರೆಗಳ 1,288 ರೋಗಿಗಳ ಲೆಕ್ಕ ಪ್ರಕಟವಾಯಿತು. ಅಲ್ಲೂ ಕ್ಷಯದ ಔಷಧಗಳದೇ ಮೊದಲ ಸ್ಥಾನ. ಎರಡನೆಯ ಸ್ಥಾನ ಯಾವುದಕ್ಕೆ ಗೊತ್ತೆ? ಗಿಡಮೂಲಿಕೆ ಮತ್ತಿತರ ಪರ್ಯಾಯ ಔಷಧಗಳಿಗೆ, ಸುಮಾರು ಶೇ. 14. ‘ಸೊಪ್ಪು ಬೇರು ತಾನೆ, ಅಡ್ಡಪರಿಣಾಮವಿಲ್ಲ’ ಎನ್ನುವ ಮಾತು ಯಕೃತ್ತಿಗೆ ಅರ್ಥವಾಗುವುದಿಲ್ಲ. ಅದರ ಪಾಲಿಗೆ ಎಲೆಯಿಂದ ಬಂದದ್ದೂ ಕಾರ್ಖಾನೆಯಿಂದ ಬಂದದ್ದೂ ರಾಸಾಯನಿಕವೇ.

ಇಷ್ಟನ್ನು ಓದಿ ಯಾರಾದರೂ ಕ್ಷಯದ ಗುಳಿಗೆಯನ್ನು ಕಸದಬುಟ್ಟಿಗೆ ಎಸೆದರೆ ಈ ಬರಹದಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚಾದೀತು. ಈ ಶೇಕಡಾ ಲೆಕ್ಕಗಳ ಕೆಳಗಿನ ಸಂಖ್ಯೆ ಯಾವುದೆಂದು ಗಮನಿಸಿ. ಅದು ಯಕೃತ್ತು ಕೆಟ್ಟವರ ಗುಂಪು, ಕ್ಷಯದ ಔಷಧ ತೆಗೆದುಕೊಂಡವರ ಗುಂಪಲ್ಲ. ನಮ್ಮಲ್ಲಿ ಕ್ಷಯ ಹೆಚ್ಚು, ಹಾಗಾಗಿ ಅದರ ಔಷಧ ತೆಗೆದುಕೊಳ್ಳುವವರು ಹೆಚ್ಚು, ಹಾಗಾಗಿ ಪೆಟ್ಟು ತಿಂದವರ ಪಟ್ಟಿಯಲ್ಲಿ ಅವರ ಪಾಲೂ ಹೆಚ್ಚು. ಔಷಧ ಬಿಟ್ಟರೆ ಕ್ಷಯ ಬಿಡುವುದಿಲ್ಲ. ಇದಕ್ಕೂ ಗೆರೆ ಎಳೆದಿದ್ದಾರೆ. ವಾಂತಿ, ಹೊಟ್ಟೆನೋವಿನಂಥ ಲಕ್ಷಣಗಳಿದ್ದರೆ ಎಸ್‌ಜಿಪಿಟಿ ಮೂರು ಪಟ್ಟು, ಲಕ್ಷಣಗಳಿಲ್ಲದಿದ್ದರೆ ಐದು ಪಟ್ಟು ದಾಟಿದಾಗ ವೈದ್ಯರು ಔಷಧ ನಿಲ್ಲಿಸುತ್ತಾರೆ. ಇಳಿದ ಮೇಲೆ ಒಂದೊಂದನ್ನಾಗಿ ಮತ್ತೆ ಶುರುಮಾಡಿ ನೋಡುತ್ತಾರೆ. ಅದಕ್ಕಿಂತ ಕಡಿಮೆ ಏರಿಕೆ ಅನೇಕರಲ್ಲಿ ಬಂದು ತಾನಾಗಿಯೇ ಇಳಿಯುತ್ತದೆ. ಹಸಿವು ಸತ್ತರೆ, ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ ಮರುದಿನಕ್ಕೆ ಕಾಯದೆ ವೈದ್ಯರಿಗೆ ತೋರಿಸಿ. ಮುಂದಿನದನ್ನು ಅವರೇ ನಿರ್ಧರಿಸಲಿ.

ಮನೆಯಲ್ಲಿ ನಾವೇ ಮಾಡಬಹುದಾದ ಅಳತೆಯೂ ಒಂದಿದೆ. ಮಕ್ಕಳಿಗೆ ಪ್ಯಾರಾಸಿಟಮಾಲನ್ನು ವಯಸ್ಸು ನೋಡಿ ಅಲ್ಲ, ತೂಕ ನೋಡಿ ಕೊಡಬೇಕು. ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿಲಿಗ್ರಾಂ ಎಂಬುದು ಸಾಮಾನ್ಯ ಲೆಕ್ಕ. 12 ಕಿಲೋ ತೂಗುವ ಮಗುವಿಗೆ ಹೆಚ್ಚೆಂದರೆ 180 ಮಿಲಿಗ್ರಾಂ. ಈಗ ಬಾಟಲಿಗಳನ್ನು ನೋಡಿ. ಒಂದರಲ್ಲಿ 5 ಮಿಲಿಲೀಟರಿಗೆ 125 ಮಿಲಿಗ್ರಾಂ, ಇನ್ನೊಂದರಲ್ಲಿ ಅಷ್ಟೇ ದ್ರವಕ್ಕೆ 250. ಹಸುಗೂಸುಗಳ ಹನಿ ಔಷಧದಲ್ಲಿ ಒಂದೇ ಮಿಲಿಲೀಟರಿಗೆ 100! ಅದೇ ಮಗುವಿಗೆ ಮೊದಲನೆಯದರಲ್ಲಿ 7.2 ಮಿಲಿಲೀಟರ್ ಆದರೆ ಎರಡನೆಯದರಲ್ಲಿ 3.6, ಹನಿ ಔಷಧದಲ್ಲಿ ಬರೀ 1.8. ಅಂದಾಜಿನ ಚಮಚ ಹಿಡಿದು ಹನಿ ಔಷಧವನ್ನು ಸಿರಪ್ಪಿನಂತೆ ಕುಡಿಸಿದರೆ ಏನಾದೀತು ಎಂದು ನೀವೇ ಗುಣಿಸಿ ನೋಡಿ. ರಾತ್ರಿ ಅಜ್ಜಿ ಒಮ್ಮೆ, ಅಮ್ಮ ಒಮ್ಮೆ, ಜೊತೆಗೆ ನೆಗಡಿಯ ಸಿರಪ್ಪಿನಲ್ಲಿ ಅಡಗಿಕೂತ ಅದೇ ಪ್ಯಾರಾಸಿಟಮಾಲ್ ಇನ್ನೊಮ್ಮೆ ಎಂದಾದರೆ ಲೆಕ್ಕ ಇಡುವವರು ಯಾರು? ಎರಡು ಸಲದ ನಡುವೆ ನಾಲ್ಕರಿಂದ ಆರು ಗಂಟೆಯ ಅಂತರವಿರಲಿ, ದಿನಕ್ಕೆ ನಾಲ್ಕು ಸಲ ಮೀರದಿರಲಿ. ಕೊಟ್ಟ ಹೊತ್ತನ್ನು ಕ್ಯಾಲೆಂಡರಿನ ಮೇಲೆ ಗೀಚಿಡಿ. ಎಳೆಗೂಸಿಗೆ ವೈದ್ಯರನ್ನು ಕೇಳದೆ ಕೊಡಲೇಬೇಡಿ.

ಯಕೃತ್ತಿಗೆ ಒಂದು ದೊಡ್ಡ ಗುಣವಿದೆ. 1931ರಲ್ಲಿ ಅಮೆರಿಕದ ಹಿಗ್ಗಿನ್ಸ್ ಮತ್ತು ಆ್ಯಂಡರ್‌ಸನ್ ಎಂಬ ವಿಜ್ಞಾನಿಗಳು ಇಲಿಯ ಯಕೃತ್ತಿನಲ್ಲಿ ಮೂರರಲ್ಲಿ ಎರಡು ಪಾಲನ್ನು ಕತ್ತರಿಸಿ ತೆಗೆದರು. ಕೆಲವೇ ವಾರಗಳಲ್ಲಿ ಅದು ಬೆಳೆದು ಮೊದಲಿನ ತೂಕಕ್ಕೆ ಬಂತು. ನಮ್ಮ ಅಂಗಳದ ಕುಂಬಾರನೂ ಹಾಗೆಯೇ. ದೊಣ್ಣೆ ಹಿಡಿದವನು ಹೊರಟುಹೋದರೆ ಸಾಕು, ಒಂದಷ್ಟು ಮಡಕೆ ಉಳಿದಿದ್ದರೆ ಸಾಕು, ಚಕ್ರ ಮತ್ತೆ ತಿರುಗುತ್ತದೆ. ಇಷ್ಟೆಲ್ಲ ಅಳತೆ, ಹೋಲಿಕೆ, ಭಾಗಾಕಾರ ಇರುವುದು ಆ ದೊಣ್ಣೆಯನ್ನು ಸಮಯಕ್ಕೆ ಸರಿಯಾಗಿ ಕಸಿದುಕೊಳ್ಳಲೆಂದೇ.

ಮುಂದಿನ ಸಲ ಮನೆಗೆ ಲ್ಯಾಬಿನ ಚೀಟಿ ಬಂದಾಗ ದಪ್ಪಕ್ಷರದ ಒಂದೇ ಸಂಖ್ಯೆ ನೋಡಿ ಹೆದರುವುದೂ ಬೇಡ, ಹಿಗ್ಗುವುದೂ ಬೇಡ. ಕೆಳಗಿನ ಸಾಲುಗಳನ್ನೂ ಓದಿ. ಮತ್ತು ಈಗ, ಈ ಪತ್ರಿಕೆಯನ್ನು ಮಡಚಿಡುವ ಮುನ್ನ, ಎದ್ದುಹೋಗಿ ಮನೆಯ ಔಷಧದ ಡಬ್ಬಿಯನ್ನೊಮ್ಮೆ ತೆರೆದು ನೋಡಿ. ಪ್ಯಾರಾಸಿಟಮಾಲ್ ಎಷ್ಟು ಹೆಸರುಗಳಲ್ಲಿ ಅಲ್ಲಿ ಕೂತಿದೆ ಎಂದು ಎಣಿಸುವ ಕೆಲಸವನ್ನು ಮಕ್ಕಳಿಗೇ ವಹಿಸಿ.